ಬೊಡ್ಡೆಯ ಚಿಗುರು

ಮಾಲೂರಿನಿಂದ ಲಕ್ಕೂರಿಗೆ ಹೋಗುವ ದಾರಿಯಲ್ಲಿ ಕಾರುಗಳಿಗೆ ರಬ್ಬರ್ ಸಾಮಾನು ಮಾಡುವ ಕಾರ್ಖಾನೆಯೊಂದಿತ್ತು. ಅಲ್ಲಿ ಹೊಗೆಯ ಲೆಕ್ಕ ಬರೆಯುವುದು ಶೋಭಾರಾಣಿಯ ಕೆಲಸ. ಅವಳು ಮದುವೆಯಾಗಿ ಬಂದ ಹೊಸದರಲ್ಲಿ ಇದನ್ನು ಕೇಳಿ ಅತ್ತೆ ದೊಡ್ಡಗಂಗಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳು. "ಹಂಗಾದ್ರೆ ನಮ್ಮ ಒಲೇದೂ ಬರ್ಕೊಳ್ಳೇ, ದಿನಾ ಕಣ್ಣು ಉರೀತದೆ."

ನಗುವ ವಿಷಯವಾಗಿರಲಿಲ್ಲ. ಜನರೇಟರಿಗೆ ಸುಟ್ಟ ಡೀಸೆಲ್ಲು, ಉರಿಸಿದ ಕರೆಂಟು, ಓಡಿಸಿದ ಲಾರಿ, ಇವೆಲ್ಲದರಿಂದ ಗಾಳಿಗೆ ಸೇರಿದ ಇಂಗಾಲವನ್ನು ಟನ್ನುಗಳಲ್ಲಿ ಕೂಡಿಸಿ ವರ್ಷಕ್ಕೊಮ್ಮೆ ವರದಿ ಕೊಡಬೇಕು. ಮಾಲು ಕೊಳ್ಳುವ ಹೊರದೇಶದ ಕಂಪನಿ ಅದನ್ನು ನೋಡಿಯೇ ಆರ್ಡರು ಕೊಡುತ್ತಿತ್ತು. ಕಾರ್ಖಾನೆಯ ಬಾಯ್ಲರ್ ಉರಿಯುತ್ತಿದ್ದುದು ನೀಲಗಿರಿ ಸೌದೆಯಲ್ಲಿ. ಆ ಹೊಗೆಯನ್ನು ಮೊತ್ತಕ್ಕೆ ಸೇರಿಸುತ್ತಿರಲಿಲ್ಲ, ಪಕ್ಕದಲ್ಲಿ ಬೇರೆಯಾಗಿ ಬರೆದಿಟ್ಟರೆ ಮುಗಿಯಿತು. ನೀಲಗಿರಿ ಕಡಿದ ಬೊಡ್ಡೆಯಿಂದಲೇ ಮತ್ತೆ ಚಿಗುರುತ್ತದೆ. ನಾವು ಬಿಟ್ಟ ಹೊಗೆಯನ್ನು ಆ ಚಿಗುರು ಬೆಳೆಯುತ್ತಾ ಒಳಗೆಳೆದುಕೊಳ್ಳುತ್ತದೆ ಎಂಬುದು ಅದರ ಹಿಂದಿದ್ದ ನ್ಯಾಯ. ಆದರೆ ಚಿಗುರಿದ್ದಕ್ಕೆ ಪುರಾವೆ ಕೊಡಬೇಕೆಂದು ಆ ಕಂಪನಿಯವರು ಪಟ್ಟು ಹಿಡಿದಿದ್ದರು.

ಹೋದ ವರ್ಷ ಶೋಭಾ ಟೇಕಲ್ ಕಡೆಯ ತನ್ನ ಸೋದರಮಾವ ಆವಲಪ್ಪನ ತೋಪಿಗೆ ಹೋಗಿ, ಬೊಡ್ಡೆಗಳ ಸುತ್ತ ಮೊಣಕಾಲೆತ್ತರ ಎದ್ದಿದ್ದ ಚಿಗುರಿನ ಫೋಟೋ ತೆಗೆದು ವರದಿಗೆ ಸೇರಿಸಿದ್ದಳು. ಬಾಯ್ಲರಿಗೆ ಬಂದ ಸೌದೆಯಲ್ಲಿ ದೊಡ್ಡ ಪಾಲು ಆ ತೋಪಿನದೇ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಈ ವರ್ಷ ಆ ಕಂಪನಿಯ ಪರವಾಗಿ ಬೆಂಗಳೂರಿನಿಂದ ತಪಾಸಣೆಗೆ ಬರುವ ರಮಾದೇವಿಯವರು ಆ ತೋಪನ್ನೇ ಕಣ್ಣಾರೆ ನೋಡಬೇಕೆಂದರು.

"ತೋರಿಸಿ ಕಳಿಸಿಬಿಡಮ್ಮ," ಎಂದ ಮ್ಯಾನೇಜರ್ ಅಮರನಾಥ್. "ಇಲ್ಲಿ ಎಡವಿದ್ರೆ ಆರ್ಡರೂ ಇಲ್ಲ, ನಿನ್ನ ಕುರ್ಚೀನೂ ಇಲ್ಲ, ನಂದೂ ಇಲ್ಲ."

ಶೋಭಾ ಮಾವನಿಗೆ ಫೋನು ಮಾಡಿದಳು. "ಮಾವ, ಗುರುವಾರ ಆಫೀಸರಮ್ಮ ಒಬ್ಬರು ನಿನ್ನ ನೀಲಗಿರಿ ನೋಡೋಕೆ ಬರ್ತಾರೆ. ನನ್ನ ಮರ್ಯಾದೆ ನಿನ್ನ ಕೈಲಿದೆ ನೋಡು."

"ಅಷ್ಟೂ ಗೊತ್ತಾಗಲ್ವಾ ತಲ್ಲೀ ನಂಗೆ? ನೀನು ನಿಶ್ಚಿಂತೆಯಾಗಿರು." ಅಕ್ಕನ ಮಗಳ ಮೇಲೆ ಮುದ್ದು ಉಕ್ಕಿದಾಗ ಆವಲಪ್ಪನ ಬಾಯಿಗೆ ತೆಲುಗು ಬರುತ್ತಿತ್ತು.

ಗುರುವಾರ ಬೆಳಿಗ್ಗೆ ಸೌದೆ ಅಂಗಳದಲ್ಲಿ ಟ್ರಾಕ್ಟರಿನ ಕದಿರೇಶ ಲೋಡು ಸುರಿಯುತ್ತಿದ್ದ. ಸೌದೆಯಲ್ಲ, ಬರೀ ಬೊಡ್ಡೆಗಳು. ಬೇರಿನ ಸಂದುಗಳಲ್ಲಿ ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು. ಕೆಲವಕ್ಕೆ ಚಿಗುರೂ ಅಂಟಿಕೊಂಡು ಬಾಡಿ ಜೋತುಬಿದ್ದಿತ್ತು.

"ಯಾರ ಹೊಲದ್ದಣ್ಣ ಇದು?"

"ಇನ್ಯಾರದು, ನಿಮ್ಮ ಮಾವಂದೇ. ಜೇಸಿಬಿ ಬಿಟ್ಟು ಒಂದೂ ಉಳಿಸ್ದಂಗೆ ಎತ್ತಿಸ್ಬಿಟ್ಟ. ನಮ್ಮ ಶೋಭಾ ಕಡೆ ಆಫೀಸರು ಬರ್ತಾವ್ರೆ, ಒಂದು ಬೇರೂ ಕಣ್ಣಿಗೆ ಬೀಳಬಾರ್ದು ಅಂತಿದ್ದ."

ಶೋಭಾ ಒಂದು ಬೊಡ್ಡೆಯ ಬಾಡಿದ ಚಿಗುರನ್ನು ಮುಟ್ಟಿ ನೋಡಿದಳು. ನೀಲಗಿರಿ ನೆಡಕೂಡದೆಂದು ಸರ್ಕಾರ ಹೇಳಿ ವರ್ಷಗಳೇ ಆಗಿದ್ದವು. ಅಂತರ್ಜಲವನ್ನೆಲ್ಲ ಹೀರುತ್ತದೆ, ಇದ್ದದ್ದನ್ನೂ ತೆಗೆಯಿರಿ ಎಂದು ಊರಿಗೆ ಬಂದ ಸರ್ಕಾರಿ ಆಫೀಸರುಗಳೆಲ್ಲ ಹೇಳಿ ಹೋಗುತ್ತಿದ್ದರು. ನೀಲಗಿರಿ ನೋಡಲು ಆಫೀಸರು ಬರುತ್ತಾರೆ ಎಂದರೆ ಮಾವನಿಗೆ ಇರುವುದು ಒಂದೇ ಅರ್ಥ. ಚಿಗುರು ಬೇಕು ಎಂಬ ಒಂದು ಮಾತನ್ನು ಅವಳೇ ಹೇಳಿರಲಿಲ್ಲ. ಅವನು ಅವಳ ಮರ್ಯಾದೆ ಉಳಿಸಲು ತೋಪನ್ನೇ ಕಿತ್ತಿದ್ದ.

ವಿಷಯ ಕೇಳಿ ಅಂಗಳಕ್ಕೆ ಬಂದ ಅಮರನಾಥನ ಮುಖ ಮೊದಲು ಬಿಳುಪೇರಿತು, ಆಮೇಲೆ ಗಟ್ಟಿಯಾಯಿತು. "ಅಕ್ಕಪಕ್ಕ ಬೇರೆ ತೋಪಿಲ್ವೇನಯ್ಯಾ?" ಎಂದು ಕದಿರೇಶನನ್ನು ಕೇಳಿದ.

"ಕೊಂಡಮ್ಮಂದು ಐತಲ್ಲ ಸಾರ್, ಭರ್ಜರಿ ಚಿಗುರೈತೆ. ದಾರಿ ಒಡೆಯೋ ಕಡೆ ಎಡಕ್ಕೋದ್ರೆ ಅದು, ಬಲಕ್ಕೆ ಆವಲಪ್ಪಂದು."

"ಎಡಕ್ಕೆ ಕರ್ಕೊಂಡೋಗಮ್ಮ ಶೋಭಾ. ನೀಲಗಿರಿ ಮೇಲೇನು ಹೆಸರು ಕೊರೆದಿರ್ತಾರಾ?"

ಕಾರಿನಲ್ಲಿ ರಮಾದೇವಿಯವರು ಮಾಲೂರಿನ ಹೆಂಚಿನ ಕಾರ್ಖಾನೆಗಳ ವಿಷಯ ಕೇಳುತ್ತಿದ್ದರು. ಶೋಭಾ ಏನೇನೋ ಉತ್ತರ ಕೊಟ್ಟಳು. ಮನಸ್ಸೆಲ್ಲ ಅಂಗಳದ ಆ ಬೊಡ್ಡೆಗಳ ಮೇಲಿತ್ತು. ನಾಳೆ ಅವು ಒಲೆಗೆ ಬೀಳುತ್ತವೆ. ಅವುಗಳ ಹೊಗೆಯನ್ನು ಮರಳಿ ಎಳೆದುಕೊಳ್ಳಲು ಯಾವ ಚಿಗುರೂ ಇಲ್ಲ. ಆದರೂ ಆ ಹೊಗೆ ಮೊತ್ತಕ್ಕಿಲ್ಲವೆಂದು ಬರೆದು ಕೆಳಗೆ ಸಹಿ ಹಾಕಬೇಕಾದವಳು ತಾನು. ನಿಜ ಹೇಳಿದರೂ ನೆಮ್ಮದಿಯಿಲ್ಲ. ಸೌದೆ ಬೇಡ, ಗ್ಯಾಸು ತನ್ನಿ ಎಂದು ಮಾಲು ಕೊಳ್ಳುವ ಕಂಪನಿಯವರು ಹೇಳಿದರೆ ಮಾವನಂಥವರ ಬೊಡ್ಡೆಗಳನ್ನು ಕೊಳ್ಳುವವರು ಯಾರು?

ದಾರಿ ಎರಡಾಗಿ ಒಡೆಯುವ ಕಡೆ ಡ್ರೈವರು ಕಾರು ನಿಧಾನ ಮಾಡಿದ. ಎಡಗಡೆ ಕೊಂಡಮ್ಮನ ತೋಪು ಬೂದುಹಸಿರಾಗಿ, ಕಣ್ಣಿಗೆ ತಂಪಾಗಿ ನಿಂತಿತ್ತು.

"ಯಾವ ಕಡೆ ಮೇಡಂ?"

ಎಡಕ್ಕೆ ಎಂದು ಹೇಳಲು ಅವಳು ಬಾಯಿ ತೆರೆದಿದ್ದಳು. ಹೋದ ವರ್ಷದ ಆ ಫೋಟೋ ನಿಜವಾಗಿತ್ತಲ್ಲ ಎಂಬುದು ಅಷ್ಟರಲ್ಲಿ ಹೇಗೋ ಅಡ್ಡ ಬಂತು. ಈಗ ಎಡಕ್ಕೆ ಹೋಗಿ ಆ ತೋಪು ಇದೇ ಎಂದರೆ ಅದೂ ಸುಳ್ಳಾಗುತ್ತಿತ್ತು.

"ಬಲಕ್ಕೆ," ಎಂದಳು.

ಆವಲಪ್ಪ ಇಸ್ತ್ರಿ ಮಾಡಿದ ಪಂಚೆ ಉಟ್ಟು ಬದುವಿನ ಮೇಲೆ ನಿಂತಿದ್ದ. ಹಿಂದೆ ನೆಲ ಬೋಳಾಗಿ, ಗುಂಡಿಗಳೆಲ್ಲ ಮುಚ್ಚಿ ಮಟ್ಟವಾಗಿತ್ತು. "ಬನ್ನಿ ಮೇಡಂ! ಒಂದೇ ಒಂದು ಬೇರು ತೋರ್ಸಿ ನೋಡಣ. ಮುಂದಿನ ಮಳೇಗೆ ರಾಗಿ, ಬದೀಗೆ ಅವರೆ. ನಮ್ಮ ಶೋಭಾ ಫೋನು ಮಾಡಿದ್ದೇ ತಡ!"

ರಮಾದೇವಿಯವರು ಮೊಬೈಲಿನಲ್ಲಿ ಹೋದ ವರ್ಷದ ಫೋಟೋ ತೆಗೆದು ಎದುರಿಗೆ ಹಿಡಿದರು. ಫೋಟೋದಲ್ಲಿದ್ದ ಟೇಕಲ್ ಬೆಟ್ಟದ ಬಂಡೆಗಳು ಅಲ್ಲೇ ಇದ್ದವು. ಅವುಗಳ ಮುಂದೆ ಏನೂ ಇರಲಿಲ್ಲ.

"ಇದೇ ತೋಪಾ?"

"ಇದೇ ಮೇಡಂ. ಬೊಡ್ಡೆಗಳು ಇವತ್ತು ಬೆಳಿಗ್ಗೆ ನಮ್ಮ ಅಂಗಳಕ್ಕೆ ಬಂದಿವೆ."

ಅವರು ಮೊಬೈಲನ್ನು ಬ್ಯಾಗಿಗೆ ಹಾಕಿದರು. ಆವಲಪ್ಪನ ಕಡೆ ತಿರುಗಿ, "ಒಳ್ಳೇ ಕೆಲಸ ಮಾಡಿದ್ದೀರಿ ಯಜಮಾನ್ರೇ, ನೆಲಕ್ಕೆ ನೀರು ಉಳೀತದೆ," ಎಂದರು. ಕಾರಿನ ಹತ್ತಿರ ಬಂದಾಗ ದನಿ ತಗ್ಗಿಸಿದರು. "ಈ ಸೌದೆ ಹೊಗೆ ಮೊತ್ತಕ್ಕೆ ಸೇರಬೇಕಾಗ್ತದಮ್ಮ. ನಿಮಗೆ ಸೌದೆ ಕೊಡೋ ಉಳಿದವರ ತೋಪುಗಳನ್ನೂ ನೋಡಬೇಕಾಗ್ತದೆ. ಗೊತ್ತಲ್ಲ?"

"ಗೊತ್ತು ಮೇಡಂ."

ಮಾವ ಹಿಂದೆಯೇ ಓಡಿ ಬಂದು ಕಿಟಕಿಗೆ ಬಗ್ಗಿದ. "ಏನಂದ್ರು ತಲ್ಲೀ, ಪಾಸಾ?"

ಅವನ ಹಣೆಯ ಮೇಲೆ ಬೆವರು ಹೊಳೆಯುತ್ತಿತ್ತು. ಶೋಭಾ ಅವನ ಕೈ ಹಿಡಿದು, "ನಿನ್ನ ಹೊಲ ಪಾಸು ಮಾವ," ಎಂದಳು.

"ಲೇ ಆದಿಲಕ್ಷ್ಮಿ, ಪಾಸಂತೆ ಕಣೇ!" ಎಂದು ಅವನು ಹೆಂಡತಿಗೆ ಕೂಗಿ ಹೇಳಿದ್ದು ಕಾರು ಹೊರಟ ಮೇಲೂ ಕೇಳಿಸಿತು.

ಟೇಕಲ್ ಸ್ಟೇಷನ್ನಿನ ಹತ್ತಿರ ಫೋನು ಬಂತು. ಅಮರನಾಥ್. ಒಮ್ಮೆ ರಿಂಗಾಗಿ ನಿಂತು, ಮತ್ತೆ ರಿಂಗಾಯಿತು. ಶೋಭಾ ಸೀರೆಯಂಚಿಗೆ ಅಂಟಿದ್ದ ಕೆಂಪು ಮಣ್ಣನ್ನು ಒರೆಸಿ, ಫೋನು ಕಿವಿಗಿಟ್ಟಳು.

"ಸಾರ್, ಬಲಕ್ಕೆ ಹೋದ್ವಿ."