ಭಾನುವಾರದ ಠರಾವು

ಆ ವರ್ಷ ಸರ್ಕಾರಕ್ಕೆ ಮಕ್ಕಳನ್ನೆಲ್ಲ ಒಳ್ಳೆಯ ಪ್ರಜೆಗಳನ್ನಾಗಿ ಮಾಡಿಬಿಡುವ ಹುಮ್ಮಸ್ಸು ಬಂದಿತ್ತು. ಪೌರನೀತಿಯನ್ನು ಬರೀ ಬಾಯಿಪಾಠ ಮಾಡಿಸದೆ, ಶಾಲೆಯಲ್ಲೇ ಮಕ್ಕಳ ಪಂಚಾಯಿತಿ ನಡೆಸಿ ಕಲಿಸುವ ಮಿಡ್ಲ್ ಸ್ಕೂಲುಗಳಿಗೆ ಗ್ರಾಂಟು ಕೊಡುವುದೆಂದು ಆರ್ಡರಾಯಿತು. ಜಂಗಮಕೋಟೆಯಿಂದಾಚೆ ಬಸ್ಸು ತಿರುಗಿಕೊಳ್ಳುವ ಒಂದು ಹಳ್ಳಿಯ ಶಾಲೆಗೂ ಅದು ಸಿಕ್ಕಿತು. ಪಾಠ ಹೇಳಲು ಆ ಗ್ರಾಂಟಿನ ಮೇಲೆ ನೇಮಕವಾಗಿ ಬಂದವಳು ವಿಶಾಲಾಕ್ಷಮ್ಮ.

ಇದು ಅವಳಿಗೆ ಮೂರನೆಯ ಊರು. ಗೌರಿಬಿದನೂರಿನಲ್ಲಿ ಸಿಕ್ಕಿದ್ದು ಬಾಣಂತನಕ್ಕೆ ಹೋದ ಟೀಚರೊಬ್ಬಳ ಜಾಗ. ಆಕೆ ಮಗು ಎತ್ತಿಕೊಂಡು ವಾಪಸು ಬಂದಳು. ಚಿಂತಾಮಣಿಯಲ್ಲಿ ಕಾಯಂ ಮಾಡುತ್ತೇವೆ ಅಂದರು, ಮಾಡಲಿಲ್ಲ. ಉಬ್ಬಸದ ತಾಯಿ ಕಮಲಮ್ಮ ಚಿಕ್ಕಬಳ್ಳಾಪುರದ ವಠಾರದಲ್ಲಿ ಕೂತು, ಮಗಳು ಯಾವಾಗ ಒಂದು ಕಡೆ ನೆಲೆ ನಿಲ್ಲುತ್ತಾಳೋ ಎಂದು ಕಾಯುತ್ತಿದ್ದಳು. ವಿಶಾಲಾಕ್ಷಮ್ಮನಿಗೆ ಟ್ರಂಕು ಹೊತ್ತು ಹೊತ್ತು ಸಾಕಾಗಿಹೋಗಿತ್ತು. ಇನ್ಸ್‌ಪೆಕ್ಟರು ಬಂದು ಪಂಚಾಯಿತಿ ನಡೆಯುವುದನ್ನು ಕಣ್ಣಾರೆ ಕಂಡು ಬರೆದರೆ ಗ್ರಾಂಟು ಮುಂದುವರಿಯುತ್ತದೆ, ಗ್ರಾಂಟಿದ್ದರೆ ಕೆಲಸವಿರುತ್ತದೆ. ಈ ಸಲವಾದರೂ ಹಾಗಾಗಲಿ ಎಂದು ಅವಳು ಕಂಡ ದೇವರಿಗೆಲ್ಲ ಹೇಳಿಕೊಂಡಿದ್ದಳು.

ಪಂಚಾಯಿತಿಯೇನೋ ಚೆನ್ನಾಗಿಯೇ ಕುದುರಿತು. ಬೇಕು ಅನ್ನುವವರು ಮಡಕೆಗೆ ಹುಣಸೆಬೀಜ ಹಾಕಬೇಕು, ಬೇಡ ಅನ್ನುವವರು ಹೊಂಗೆಬೀಜ. ಏಳನೇ ಕ್ಲಾಸಿನ ಆದಿಲಕ್ಷ್ಮಿ ಅಧ್ಯಕ್ಷಳಾದಳು. ಒಮ್ಮೆ ಎಲ್ಲರೂ ಸೇರಿ ಆದ ಠರಾವನ್ನು ಎಲ್ಲರೂ ಸೇರಿಯೇ ಬದಲಾಯಿಸಬೇಕು, ಮೇಷ್ಟ್ರಾದರೂ ಒಬ್ಬರೇ ಮುರಿಯುವ ಹಾಗಿಲ್ಲ ಎಂದು ವಿಶಾಲಾಕ್ಷಮ್ಮ ಹೇಳಿಕೊಟ್ಟಳು.

ಮಕ್ಕಳು ಅದನ್ನು ನಿಜವೆಂದೇ ನಂಬಿದರು. ಊರೆಲ್ಲ ರೇಷ್ಮೆ ಹುಳು ಸಾಕುವವರೇ. ಆ ಸಲ ಎಲ್ಲ ಮನೆಗೂ ಒಂದೇ ದಿನ ಮೊಟ್ಟೆ ಬಂದಿದ್ದರಿಂದ ಎಲ್ಲರ ಹುಳುವೂ ಒಟ್ಟಿಗೇ ಹಣ್ಣಾಗಲಿದ್ದವು. ಗೂಡು ಕಟ್ಟಲು ತಯಾರಾದ ಹುಳುಗಳನ್ನು ಆರಿಸಿ ಬಿದಿರಿನ ಚಂದ್ರಂಕಿ ತಟ್ಟಿಗೆ ಬಿಡುವ ಆ ಮೂರು ದಿನ ಮನೆಯ ಒಂದು ಕೈಯೂ ಬಿಡುವಾಗಿರುವುದಿಲ್ಲ. ಪ್ರತಿ ಸಲ ಮಕ್ಕಳು ಕಳ್ಳತನದಿಂದ ಶಾಲೆ ತಪ್ಪಿಸಿಕೊಂಡು ಆಮೇಲೆ ಬೆತ್ತದ ಏಟು ತಿನ್ನುತ್ತಿದ್ದರು. ಈ ಸಲ ಠರಾವು ಮಾಡಿದರು: ಆ ಮೂರು ದಿನ ರಜ, ಬದಲಿಗೆ ಮೂರು ಭಾನುವಾರ ಶಾಲೆ. "ನೀವೂ ಹಾಕಿ ಟೀಚರಮ್ಮ" ಎಂದು ಮಡಕೆ ಮುಂದೆ ಹಿಡಿದಾಗ ವಿಶಾಲಾಕ್ಷಮ್ಮ ನಗುತ್ತಾ ಒಂದು ಹುಣಸೆಬೀಜ ಹಾಕಿದಳು. ಹೆಡ್‌ಮೇಷ್ಟ್ರು ಚೆನ್ನಕೇಶವಯ್ಯನವರು ಓದುವ ಗೋಜಿಗೆ ಹೋಗದೆ ರುಜು ಹಾಕಿದರು. ಗ್ರಾಂಟಿಗೆ ಒಳ್ಳೆಯದೇ ಅಂದುಕೊಂಡಿರಬೇಕು.

ಇನ್ಸ್‌ಪೆಕ್ಟರು ಬರುವ ದಿನ ಗೊತ್ತಾಯಿತು. ಬಂದು ಬಂದು ಅದು ಹುಳು ಹಣ್ಣಾಗುವ ನಟ್ಟನಡುವಿನ ದಿನವೇ ಆಗಬೇಕೆ.

"ಠರಾವು ಗಿರಾವು ಅಂತ ಕೂತ್ರೆ ಕೆಲಸ ಹೋಗೋದು ನಿಮ್ದು ಕಣಮ್ಮ," ಎಂದರು ಚೆನ್ನಕೇಶವಯ್ಯ. "ಆ ಆದಿಲಕ್ಷ್ಮೀಗೆ ಒಂದು ಮಾತು ಹೇಳಿ. ಅವಳು ಬಂದ್ರೆ ಮಿಕ್ಕೋರು ತಾವಾಗೇ ಬರ್ತಾರೆ."

ಹಿಂದಿನ ದಿನ ಸಂಜೆ ವಿಶಾಲಾಕ್ಷಮ್ಮ ಆದಿಲಕ್ಷ್ಮಿಯ ಮನೆಗೆ ಹೋದಳು. ಬಾಗಿಲಲ್ಲೇ ಅಜ್ಜಿ ಚಿಕ್ಕವೆಂಕಟಮ್ಮ ಕೈ ಅಡ್ಡ ಹಿಡಿದಳು. "ಒಳಕ್ಕೆ ಬರ್ಬೇಡ ತಾಯಿ, ಹುಳ ಹಣ್ಣಾಗ್ತಾ ಅವೆ. ಅಲ್ಲೇ ನಿಂತ್ಕೊ." ಹುಳು ಹಣ್ಣಾಗುವಾಗ ಹೊರಗಿನವರು ಒಳಗೆ ಕಾಲಿಡಬಾರದು, ಒಂದು ಹುಳುಮನೆಯವರು ಇನ್ನೊಂದಕ್ಕೆ ಹೋಗಬಾರದು. ಊರಿನ ಈ ಕಟ್ಟಲೆಗೆ ಯಾವ ಠರಾವೂ ಬೇಕಿರಲಿಲ್ಲ.

ಹುಡುಗಿ ನಿದ್ದೆಗೆಟ್ಟ ಕಣ್ಣು ಉಜ್ಜಿಕೊಳ್ಳುತ್ತಾ ಹೊರಗೆ ಬಂದು ವಿಷಯವನ್ನೆಲ್ಲ ಕೇಳಿದಳು.

"ನೀವು ಬಾ ಅಂದ್ರೆ ಬರ್ತೀನಿ ಟೀಚರಮ್ಮ. ಆದ್ರೆ ಠರಾವು ಮುರೀಬೇಕಾದ್ರೆ ಎಲ್ರೂ ಸೇರಿ ಬೀಜ ಹಾಕ್ಬೇಕಲ್ವಾ? ಈಗ ಯಾರ ಮನೇಗೂ ಯಾರೂ ಹೋಗಂಗಿಲ್ಲ. ಎಲ್ಲಿ ಸೇರ್ಸಣ?"

ಬಾ ಅನ್ನುವ ಒಂದು ಮಾತು ಸಾಕಿತ್ತು, ನಾಲಗೆಯ ಮೇಲೇ ಇತ್ತು. ತಾಯಿಯ ಉಬ್ಬಸ ನೆನಪಾಯಿತು, ಟ್ರಂಕು ನೆನಪಾಯಿತು. ಆದರೆ ಇಷ್ಟು ದಿನ ಹೇಳಿಕೊಟ್ಟದ್ದನ್ನು ತಾನೇ ಈ ಬಾಗಿಲಲ್ಲಿ ಅಳಿಸಿಹಾಕಿ, ಬೆಳಗ್ಗೆ ಅದನ್ನೇ ಇನ್ಸ್‌ಪೆಕ್ಟರ ಮುಂದೆ ಮಕ್ಕಳ ಬಾಯಲ್ಲಿ ಹೇಳಿಸುವಷ್ಟು ತ್ರಾಣ ಅವಳಲ್ಲಿ ಉಳಿದಿರಲಿಲ್ಲ. ಧೈರ್ಯವೇನಲ್ಲ ಅದು, ಬರೀ ಸುಸ್ತು.

"ಹೋಗಮ್ಮ, ಹುಳ ಆರ್ಸು ಹೋಗು," ಅಂದಳು.

ಮಾರನೆಯ ದಿನ ಇನ್ಸ್‌ಪೆಕ್ಟರ್ ದಕ್ಷಿಣಾಮೂರ್ತಿಯವರು ಖಾಲಿ ಬೆಂಚುಗಳ ಎದುರು ಕೂತು ಎಳನೀರು ಕುಡಿದರು. ಕೆಟ್ಟವರಲ್ಲ, ಅವರೂ ದಣಿದಿದ್ದರು. ಮನೆಗಳಿಗೇ ಹೋಗಿ ಮಕ್ಕಳನ್ನು ನೋಡೋಣವೆಂದರು. ಯಾರೂ ಒಳಗೆ ಬಿಡುವುದಿಲ್ಲವೆಂದು ಚೆನ್ನಕೇಶವಯ್ಯ ತಲೆ ತಗ್ಗಿಸಿದರು. ವಿಶಾಲಾಕ್ಷಮ್ಮ ಠರಾವಿನ ವಿಷಯವನ್ನೆಲ್ಲ ಹೇಳಿದಳು.

"ನೀವು ಹೇಳೋದು ಅರ್ಥವಾಗುತ್ತಮ್ಮ," ಎಂದರು ದಕ್ಷಿಣಾಮೂರ್ತಿ. " ಆದ್ರೆ ಖಾಲಿ ಬೆಂಚು ನೋಡಿ ಪಂಚಾಯಿತಿ ನಡೀತಿದೆ ಅಂತ ಹೇಗೆ ಬರೀಲಿ?"

"ಅದು ನಡೀತಿರೋದಕ್ಕೇ ಸಾರ್, ಬೆಂಚು ಖಾಲಿ ಇರೋದು."

ಅವರು ಪೆನ್ನಿನ ಮುಚ್ಚಳ ಹಾಕಿ ಎದ್ದರು. ಶನಿವಾರ ಚೆನ್ನಕೇಶವಯ್ಯ ಅವಳನ್ನು ಕರೆದು, ಗ್ರಾಂಟು ನಿಂತಿದೆ, ಸೋಮವಾರದಿಂದ ಬರಬೇಕಾಗಿಲ್ಲ ಎಂದು ಗೋಡೆ ನೋಡುತ್ತಾ ಹೇಳಿದರು.

ಭಾನುವಾರ ಬೆಳಗ್ಗೆ ಟ್ರಂಕು ಹಿಡಿದು ಬಸ್ಸಿಗೆ ಹೊರಟವಳು ಶಾಲೆಯ ಮುಂದೆ ಹಾಗೇ ನಿಂತುಬಿಟ್ಟಳು. ಬಾಗಿಲಿಗೆ ಬೀಗವಿತ್ತು. ಜಗಲಿಯ ಮೇಲೆ ಮಕ್ಕಳೆಲ್ಲ ಕ್ಲಾಸುವಾರು ಸಾಲಾಗಿ, ಸ್ಲೇಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಎಷ್ಟೋ ಜನರ ಕಣ್ಣು ಇನ್ನೂ ನಿದ್ದೆಯಿಲ್ಲದೆ ಕೆಂಪಗಿದ್ದವು. ಠರಾವಿನ ಉಳಿದರ್ಧ ಅವಳಿಗೇ ಮರೆತುಹೋಗಿತ್ತು. ಅವಳಿಗೆ ಅಳು ಬಂತು, ಯಾರ ಮೇಲೆಂದು ತಿಳಿಯದ ಸಿಟ್ಟೂ ಬಂತು.

"ಲೇಟಾಯ್ತಲ್ಲ ಟೀಚರಮ್ಮ," ಎಂದಳು ಆದಿಲಕ್ಷ್ಮಿ. ಟ್ರಂಕು ನೋಡಿದಳು. ಅವಳಿಗೆ ನಿಧಾನವಾಗಿ ಗೊತ್ತಾಯಿತು. "ಇನ್ನೂ ಎರಡು ಭಾನುವಾರ ಬಾಕಿ ಐತೆ. ಬರ್ತೀರಾ?"

ಅತ್ತ ಬಸ್ಸು ಹಾರ್ನು ಹೊಡೆಯುತ್ತಿತ್ತು. ವಿಶಾಲಾಕ್ಷಮ್ಮ ಟ್ರಂಕನ್ನು ಜಗಲಿಗೆ ಒರಗಿಸಿಟ್ಟು ಅದರ ಮೇಲೇ ಕೂತಳು.

"ಬರ್ದೆ ಏನ್ಮಾಡ್ಲಿ ಕಣಮ್ಮ," ಅಂದಳು. "ನಾನೂ ಹುಣಸೆಬೀಜ ಹಾಕಿದ್ದೀನಲ್ಲ."