ಒಂದು ಸಲ ತಟ್ಟಿದರೆ ಸರಿ

ಮೂರನೇ ಮಗ್ಗು ಬಿತ್ತು, ಇನ್ನು ಸೋಪು, ಸೋಪಿನ ಜೊತೆ ಹಾಡು, ಅರ್ಧ ಚರಣ ಹಾಡಿ ಉಳಿದರ್ಧ ಗುನುಗುತ್ತಾನೆ, ಮದುವೆಯಾಗಿ ಎಂಟು ವರ್ಷವಾದರೂ ಆ ಉಳಿದರ್ಧ ಕಲಿಯಲಿಲ್ಲ — ಹಾಡು ಮಹರಾಯ, ಬಚ್ಚಲಮನೆ ಬಾಗಿಲಾಚೆ ನೀನು ಹಾಡುತ್ತಿರು, ಇಲ್ಲಿ ಅಡುಗೆಮನೆಯಲ್ಲಿ ಮೇಜಿನ ಮೇಲೆ ತಗಡು ಬೋರಲು ಹಾಕಿಕೊಂಡು ನಾನು ಕೂತಿದ್ದೇನೆ, ಊಟದ ತಟ್ಟೆಯಷ್ಟಗಲದ ಅಲ್ಯುಮಿನಿಯಂ, ನಲವತ್ತು ರಿವೆಟ್ಟು, ಅದರಲ್ಲಿ ಏಳು ರಿವೆಟ್ಟಿನ ಸುತ್ತ ಕೆಂಪು ಶಾಯಿ, ಬೆರಳು ಆ ಏಳರಲ್ಲಿ ಕೊನೆಯದನ್ನು, ಏಳನೆಯದನ್ನು ಬಿಟ್ಟು ಕದಲುತ್ತಿಲ್ಲ, ಮುಂದೆ ದುಂಡಗೆ ಅಂಗಿಯ ಗುಂಡಿಯ ಹಾಗೆ, ಹಿಂದೆ ಒಂದು ಪಕ್ಕಕ್ಕೆ ವಾಲಿಕೊಂಡು ತುಳಿದ ಸಿಗರೇಟಿನ ತುದಿಯ ಹಾಗೆ. ತಗಡಿನ ಜೊತೆ ಕೆಲಸಕ್ಕೆ ಕರೆದ ಕಾಗದ, ಕಾಗದದಲ್ಲಿ ಹೆಸರು ನನ್ನದು, ನನ್ನದೊಂದೇ. ಇವತ್ತು ಹತ್ತು ಗಂಟೆಯೊಳಗೆ ಫೋನು ಮಾಡಿ ಹೂಂ ಅನ್ನಬೇಕು, ಇಲ್ಲವೇ ಊಹೂಂ ಅನ್ನಬೇಕು, ಗಡಿಯಾರದಲ್ಲಿ ಈಗ ಒಂಬತ್ತು ನಲವತ್ತು, ನಮಗೆ ಮಧ್ಯಾಹ್ನದ ಪಾಳಿ, ಅದಕ್ಕೇ ಅವನ ಸ್ನಾನಕ್ಕೆ ಇಷ್ಟು ಪುರುಸೊತ್ತು, ನನಗೆ ಮಾತ್ರ ಇಪ್ಪತ್ತು ನಿಮಿಷ.

ಬಸ್ಸಿನ ಮೈಕಟ್ಟುವ ಶೆಡ್ಡಿನಲ್ಲಿ ಮೊದಲ ತಿಂಗಳು ಇವನ ಮುಖವನ್ನೇ ಸರಿಯಾಗಿ ನೋಡಿರಲಿಲ್ಲ, ನಾನು ಹೊರಗೆ ತಗಡಿಗೆ ರಿವೆಟ್ಟು ಹೊಡೆಯುವ ಗನ್ ಹಿಡಿದು, ಇವನು ಬಸ್ಸಿನ ಒಳಗೆ ಡಾಲಿ ಹಿಡಿದು, ಡಾಲಿ ಅಂದರೆ ಒಂದು ಮುಷ್ಟಿ ಕಬ್ಬಿಣ, ರಿವೆಟ್ಟಿನ ಬಾಲಕ್ಕೆ ಅದನ್ನು ಒತ್ತಿ ಹಿಡಿಯಬೇಕು, ನಾನು ಹೊಡೆದಂತೆ ಆ ಕಡೆ ಬಾಲ ಚಪ್ಪಟೆಯಾಗಿ ಗಟ್ಟಿಯಾಗಬೇಕು, ಆಯಿತೋ ಇಲ್ಲವೋ ನನಗೆ ಕಾಣುವುದಿಲ್ಲ, ನಡುವೆ ತಗಡು, ಗದ್ದಲದಲ್ಲಿ ಮಾತು ಕೇಳುವುದಿಲ್ಲ, ಅದಕ್ಕೆ ತಟ್ಟುವುದು, ಒಂದು ಸಲ ತಟ್ಟಿದರೆ ಸರಿ, ಎರಡು ಸಲವಾದರೆ ಇನ್ನೊಂದು ಏಟು ಹೊಡಿ, ಮೂರಾದರೆ ಕೆಟ್ಟಿದೆ, ಕಿತ್ತು ಹಾಕು. ತಿಂಗಳು ತುಂಬಿದ ಮೇಲೆ ಒಂದು ದಿನ ಮೂರು ತಟ್ಟಿದ, ಸಿಟ್ಟು ನೆತ್ತಿಗೇರಿ ಗನ್ ಕೆಳಗಿಟ್ಟು ಜಗಳ ಕಾಯಲು ಒಳಗೆ ಹತ್ತಿದೆ, ನೋಡಿದರೆ ಬೆವರು ಸುರಿಸುತ್ತಾ ನಿಂತಿದ್ದಾನೆ, ನಿನ್ನದೇನೂ ತಪ್ಪಿಲ್ಲ ಕಣಮ್ಮಾ, ನನ್ನ ಕೈಯೇ ಜಾರಿತು, ನನ್ನ ತಪ್ಪು, ಕಿತ್ತು ಹಾಕು ಅಂದ. ತನ್ನ ತಪ್ಪಿಗೆ ತಾನೇ ಮೂರು ತಟ್ಟಿಕೊಳ್ಳುವ ಗಂಡಸು ಸಿಕ್ಕಿದ ಅಂತ ಅಕ್ಕನ ಹತ್ತಿರ ಹೇಳಿಕೊಂಡಿದ್ದೆ, ಅವಳು ನಕ್ಕು, ಅಷ್ಟಕ್ಕೇ ಮದುವೆಯಾಗ್ತೀಯೇನೇ ಅಂದಿದ್ದಳು, ಅಷ್ಟಕ್ಕೇ ಆದೆ. ಆಮೇಲೆ ಮನೆಯಲ್ಲೂ ಅದೇ ಭಾಷೆ, ಚಹಾದ ಲೋಟಕ್ಕೆ ಒಂದು, ಇನ್ನರ್ಧ ಬೇಕಾದರೆ ಎರಡು, ಒಮ್ಮೆ ನನ್ನ ಅಡುಗೆಗೆ ಚಮಚದಿಂದ ಮೂರು ತಟ್ಟಿ ಎರಡು ದಿನ ತಾನೇ ಬೇಯಿಸಿಕೊಂಡು ತಿಂದ. ಬಾಯಲ್ಲಿ ಸಾವಿರ ಸುಳ್ಳು ಹೇಳಿದ್ದಾನೆ, ಪೇಟೆಯಲ್ಲಿದ್ದೇನೆ ಅಂತ ಗೆಳೆಯನ ಮನೆಯಲ್ಲಿ ಕೂತಿದ್ದಾನೆ, ಅಂಥ ಸುಳ್ಳು ಯಾರು ತಾನೆ ಹೇಳುವುದಿಲ್ಲ, ಡಾಲಿ ಮಾತ್ರ ಸುಳ್ಳು ಹೇಳಿರಲಿಲ್ಲ.

ವಿಮಾನ ಕಟ್ಟುವ ಕೆಲಸಕ್ಕೆ ಪರೀಕ್ಷೆ ಕೊಡಲು ಇಬ್ಬರೂ ಹೊರಟೆವು, ಹದಿನಾಲ್ಕು ಗಂಟೆಯ ರೈಲು ದಾರಿ, ಇವನೇ ಕಿತ್ತಳೆ ಸುಲಿದು ತೊಳೆ ತೊಳೆ ಕೊಡುತ್ತಾ, ನೀನು ಎಲ್ಲಿ ಅಂತೀಯೋ ಅಲ್ಲಿ, ನನಗೇನು, ಡಾಲಿ ಎಲ್ಲಿದ್ದರೂ ಅಷ್ಟೇ ಭಾರ ಅಂದ. ಅರವತ್ತು ಜನರ ಪುಟ್ಟ ಕಂಪನಿ, ಇಬ್ಬರು ಕೂರುವ ವಿಮಾನ, ಇದೇನು ರೆಕ್ಕೆ ಬಂದ ಸ್ಕೂಟರಾ ಅಂತ ಅಲ್ಲಿಯವರನ್ನು ನಗಿಸಿದ, ನೆಲ ಎಷ್ಟು ಚೊಕ್ಕ, ಕಿಟಕಿಯಿಂದ ಬಿಸಿಲು ರೆಕ್ಕೆಯ ಮೇಲೆ ಬಿದ್ದಿತ್ತು, ಆ ರೆಕ್ಕೆಯ ಮೇಲೆ ಅಂಗೈ ಇಟ್ಟಾಗ ನನಗೆ ಬಂದ ಆಸೆಯನ್ನು ಇವನು ನೋಡಿದ, ಖಂಡಿತ ನೋಡಿದ. ಪರೀಕ್ಷೆಗೆ ನಿಂತೆವು, ನಾನು ಈ ಕಡೆ, ಇವನು ಆ ಕಡೆ, ಟಕ್, ಟಕ್, ಒಂದೊಂದೇ, ಎಲ್ಲ ಸರಿ, ಈಗ ಕೆಂಪು ಸುತ್ತಿರುವ ಈ ಏಳನೆಯದರಲ್ಲಿ ನನ್ನ ಅಂಗೈಗೆ ಏನೋ ಅದುರಿದ ಹಾಗೆ ತಾಗಿತು, ಸದ್ದು ಮಂಕಾಗಿತ್ತು, ಸರಿನಾ ಅಂತ ಕೂಗಿ ಕೇಳಿದೆ, ಟಕ್, ಒಂದೇ. ನನ್ನ ಕೈಯನ್ನು ನಂಬದೆ ಆ ಟಕ್ಕನ್ನು ನಂಬಿದೆ. ಮುಗಿದ ಮೇಲೆ ತಗಡನ್ನು ತಾನೇ ಬಿಚ್ಚಿ ತಾನೇ ಒಪ್ಪಿಸಿದ. ತಪಾಸಣೆಯ ಕನ್ನಡಕದಮ್ಮ ತಿರುವಿ ನೋಡಿ ಪಕ್ಕಕ್ಕಿಟ್ಟರು, ಇವನು ಚಹಾಕ್ಕೆ ಹೋದಾಗ, ಇನ್ನೊಂದು ಆರು ಹೊಡೀರಮ್ಮ, ಡಾಲಿ ನಮ್ಮವಳು ಹಿಡೀತಾಳೆ ಅಂದರು, ಹೊಡೆದೆ, ಅಷ್ಟೇ.

ನಿನ್ನೆ ಈ ತಗಡು, ಕಾಗದ ಇದ್ದ ದೊಡ್ಡ ಲಕೋಟೆ ಶೆಡ್ಡಿಗೇ ಬಂತು, ಇವನು ಮಳಿಗೆಗೆ ಬೋಲ್ಟು ತರಲು ಹೋಗಿದ್ದ, ಲಕೋಟೆ ನೋಡಿ ಮೇಸ್ತ್ರಿ ಹಲ್ಲು ಕಿರಿದ, ಸಿಕ್ಕಿಲ್ಲ ತಾನೆ, ನಿನ್ನ ಗಂಡ ರೈಲು ಹತ್ತೋಕೆ ಮುಂಚೆನೇ ಹೇಳಿದ್ದ, ನಮ್ಮ ಜಾಗಕ್ಕೆ ಯಾರನ್ನೂ ಹುಡುಕಬೇಡಿ, ಹೋದ ಹಾಗೇ ಬರ್ತೀವಿ ಅಂತ. ನಾನೂ ನಕ್ಕೆ, ಯಾಕೆ ನಕ್ಕೆನೋ. ಕನ್ನಡಕದಮ್ಮನಿಗೆ ಫೋನು ಮಾಡಿದೆ, ಅವರು ಕೇಳಿದ್ದು ಒಂದೇ, ಕೆಂಪು ಸುತ್ತಿದ ಆ ಏಳಕ್ಕೂ ತಗಡಿನ ಹಿಂದೆ ನಿಂತವರು ಎಷ್ಟು ತಟ್ಟಿದ್ದರು ನಿಮಗೆ. ಒಂದು ಅಂದೆ. ಏಳಕ್ಕೂ? ಏಳಕ್ಕೂ. ಕೈ ಜಾರೋದು ಒಂದು ಸಲ ಅಮ್ಮ, ಏಳು ಸಲ ಅಲ್ಲ ಅಂದರು. ಶೆಡ್ಡಿನಲ್ಲಿ ಇವನು ಗುರು, ಹೊಸಬರೆಲ್ಲ ಅಣ್ಣಾ ಅಣ್ಣಾ ಅಂತ ಹಿಂದೆ ಸುತ್ತುತ್ತಾರೆ, ಅಲ್ಲಿ ಮತ್ತೆ ಮೊದಲಿಂದ ಕಲಿಯಬೇಕು, ಹೆದರಿಕೆ ನನಗೆ ಅರ್ಥವಾಗುತ್ತದೆ, ಬೇಡ ಕಣೆ, ನನ್ನ ಕೈಲಾಗಲ್ಲ ಅಂದಿದ್ದರೆ, ಅತ್ತು ಕರೆದು ಇಲ್ಲೇ ಉಳಿದಿರುತ್ತಿದ್ದೆನೇನೋ — ಮೂರು ತಟ್ಟಿದ್ದರೆ ಸಾಕಿತ್ತಲ್ಲ, ಮೂರು.

ಒಂಬತ್ತು ಐವತ್ತಾರು. ಫೋನು ಕಿವಿಗೆ ಬಂದದ್ದು ಯಾವಾಗ, ಕಂಪನಿಯವರು ಹಲೋ ಅನ್ನುತ್ತಿದ್ದಾರೆ, ಹೂಂ ಅಂದೆ, ತುಂಬ ಸಂತೋಷ ಅನ್ನುತ್ತಿದ್ದಾರೆ, ಕ್ವಾರ್ಟರ್ಸು ಬರೆದುಕೊಳ್ಳಬೇಕು, ಸಂಸಾರಕ್ಕಾ, ಒಬ್ಬರಿಗಾ. ನೀರಿನ ಸದ್ದು ನಿಂತಿದೆ, ಹಾಡೂ. ಒಬ್ಬರಿಗೆ ಅಂದೆ, ದನಿ ನನ್ನದೇ. ಇಟ್ಟೆ. ಯಾರೇ ಅದು ಫೋನಲ್ಲಿ, ಎಲ್ಲ ಸರಿನಾ, ಬಚ್ಚಲ ಬಾಗಿಲಾಚೆಯಿಂದ. ಎದ್ದು ಹೋದೆ, ಬಾಗಿಲೂ ತಗಡಿನದೇ, ಅವನು ಆ ಕಡೆ, ನಾನು ಈ ಕಡೆ, ಬೆರಳ ಗೆಣ್ಣು ಮಡಿಸಿ ತಟ್ಟಿದೆ, ಒಂದು ಸಲ. ಒಳಗೆ ಹಾಡು ಮತ್ತೆ ಶುರುವಾಯಿತು, ಅದೇ ಅರ್ಧ ಚರಣ, ನಾನು ನಿಂತೇ ಇದ್ದೇನೆ, ಇನ್ನೊಂದು ಕೈಯಲ್ಲಿ ತಗಡು, ಹೆಬ್ಬೆರಳ ಕೆಳಗೆ ಏಳನೆಯದು, ಮುಂದೆ ದುಂಡಗೆ, ಹಿಂದೆ ವಾಲಿಕೊಂಡು, ಮುಂದೆ ದುಂಡಗೆ, ಹಿಂದೆ