ಮಡಚಿದ ಎಡ ಅಂಚು

ಫ್ರೇಮ್ ಹಾಕುವವರಿಗೆ ಚಿತ್ರದ ಬೆನ್ನು ಗೊತ್ತು, ಮುಖ ಗೊತ್ತಿಲ್ಲ. ಕ್ಯಾನ್ವಾಸನ್ನು ಕವುಚಿ ಹಾಸಿ ಹಿಂದಿನಿಂದ ಮೊಳೆ ಹೊಡೆಯುವುದು ನಮ್ಮ ಕಸುಬು. ಮುಖ ನೋಡುತ್ತ ನಿಂತರೆ ಕೈ ಓಡುವುದಿಲ್ಲ. ಮೂವತ್ತು ವರ್ಷ ಒಂದು ಚಿತ್ರವನ್ನೂ ನೋಡದೆ ಕೆಲಸ ಮಾಡಿದ್ದೇನೆ ಎಂದು ನಾನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ.

ತಂಗಿಯ ಚಿತ್ರವನ್ನೂ ಹಾಗೆಯೇ ಕಟ್ಟಿದೆ. ಅವಳು ಸುರುಳಿ ಸುತ್ತಿ ತಂದಿಟ್ಟು ಹೋಗಿದ್ದಳು. ಅದರ ಮುಖ ಕಂಡದ್ದು ಪ್ರದರ್ಶನದ ದಿನ, ಗೋಡೆಯ ಮೇಲೆ. ಚಿತ್ರದಲ್ಲಿ ನಾವು ಬೆಳೆದ ಮನೆ ನೀರಿನಡಿ ಇದೆ. ಅಪ್ಪ ಒಂದು ಬೀರು. ಎದೆಯ ಡ್ರಾಯರುಗಳೆಲ್ಲ ಅರ್ಧ ತೆರೆದಿವೆ. ಅಮ್ಮ ಅಲೆಗಳಿಗೆ ಇಸ್ತ್ರಿ ಹಾಕುತ್ತಿದ್ದಾಳೆ. ಮೂರು ವರ್ಷದ ತಂಗಿ ಸೂರಿನ ಹತ್ತಿರ ತೇಲುತ್ತಿದ್ದಾಳೆ. ಅವಳ ಸೊಂಟದ ಹಗ್ಗ ಎಡಕ್ಕೆ ಹೋಗಿ ಅಂಚಿನಲ್ಲಿ ಮುಗಿಯುತ್ತದೆ. ನಾನು ಎಲ್ಲೂ ಇಲ್ಲ.

ಆ ಹಗ್ಗ ನಿಜವಾದದ್ದು. ಅಮ್ಮ ಹಗಲೆಲ್ಲ ಊರವರ ಬಟ್ಟೆಗೆ ಇಸ್ತ್ರಿ ಹಾಕುವಾಗ ಮಗು ಮೆಟ್ಟಿಲು ಹತ್ತಿ ಬೀಳದಿರಲೆಂದು ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಡುತ್ತಿದ್ದಳು. ಎರಡು ವರ್ಷ ಹಿಡಿದಿದ್ದೇನೆ. ಬೀರುವಿಗೆ ಜಾಗವಿದೆ, ಹಗ್ಗ ಹಿಡಿದವನಿಗಿಲ್ಲ. ಅಲ್ಲೇ ಇದ್ದ ತಂಗಿ ಚಿತ್ರ ನೋಡಿದಳು, ನನ್ನನ್ನು ನೋಡಿದಳು, ಒಂದು ಮಾತೂ ಆಡದೆ ಹೋದಳು. ಅಂದಿನಿಂದ ಒಂಬತ್ತು ವರ್ಷ ನಮ್ಮಿಬ್ಬರಿಗೆ ಮಾತಿಲ್ಲ. ನನಗಿರುವ ಒಡಹುಟ್ಟು ಅವಳೊಬ್ಬಳೇ.

ಮೊನ್ನೆ ಫ್ರೇಮಿಗೆ ಹುಳ ಬಿದ್ದಿದೆ ಎಂದು ಚಿತ್ರಶಾಲೆಯವರು ಅದನ್ನು ನನ್ನ ಅಂಗಡಿಗೇ ಕಳಿಸಿದರು. ಜೊತೆಗೊಬ್ಬರು ಪ್ರೊಫೆಸರು ಬಂದರು, ಆ ಚಿತ್ರದ ಬಗ್ಗೆಯೇ ದಪ್ಪ ಪುಸ್ತಕ ಬರೆದವರು. ನಾನು ಬೆನ್ನಿನ ಕಾಗದ ಹರಿದು ಮೊಳೆ ಕೀಳುತ್ತಿದ್ದರೆ ಅವರು ಅರ್ಥ ಹೇಳುತ್ತಿದ್ದರು. ನೀರು ಎಂದರೆ ಮರೆವಂತೆ. ನಮ್ಮ ಮನೆಯ ನಲ್ಲಿ ಒಡೆದು ನಾಲ್ಕು ದಿನ ಮೊಣಕಾಲುದ್ದ ನೀರು ನಿಂತಿತ್ತು ಎಂದೆ. ಬೀರು ಎಂದರೆ ಅಧಿಕಾರವಂತೆ. ಅಪ್ಪ ಯಾವುದನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಅಷ್ಟೇ ಎಂದೆ. ಪಾಪ, ಅವರ ಮುಖ ಚಿಕ್ಕದಾಯಿತು. ಕೊನೆಗೆ ಹಗ್ಗಕ್ಕೆ ಬಂದರು. ಅಂಚಿನಲ್ಲಿ ತುಂಡಾದ ಹಗ್ಗ ಸಾವು, ಅದರಲ್ಲಿ ಅನುಮಾನವೇ ಇಲ್ಲ ಎಂದರು.

ಅಷ್ಟರಲ್ಲಿ ಎಡಗಡೆಯ ಕೊನೆಯ ಮೊಳೆ ಬಂತು. ಆ ಬದಿಯಲ್ಲಿ ಕ್ಯಾನ್ವಾಸು ಒಂದು ಗೇಣು ಹೆಚ್ಚಾಗಿದ್ದರಿಂದ ಹಿಂದಕ್ಕೆ ಮಡಚಿದ್ದೆ. ಬಣ್ಣ ಕಂಡಿತ್ತು, ಸುಳ್ಳೇಕೆ ಹೇಳಲಿ. ಆದರೆ ಚಿತ್ರಗಾರರು ಅಂಚಿಗೆ ಕುಂಚ ಒರೆಸುವುದು ಇದ್ದದ್ದೇ. ತಂಗಿಯೂ ಒರೆಸಿದ್ದಾಳೆ ಎಂದು ಮೊಳೆ ಹೊಡೆದು ಮೇಲೆ ಕಾಗದ ಅಂಟಿಸಿದ್ದೆ. ಈಗ ಮಡಿಕೆ ಬಿಡಿಸಿ ಚಿತ್ರವನ್ನು ಮಗುಚಿದೆ.

ಒಬ್ಬ ಹುಡುಗ. ಹಗ್ಗದ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ಗೋಡೆಗೆ ಕಾಲು ಕೊಟ್ಟು ಹಿಂದಕ್ಕೆ ಬಾಗಿದ್ದಾನೆ. ಮೈ ಎಂಟು ವರ್ಷದ್ದು, ಮುಖ ಮಾತ್ರ ದೊಡ್ಡವನಾದ ಮೇಲಿನ ನನ್ನದು, ಬೋಳುತಲೆ, ಮೀಸೆ ಸಮೇತ. ಹಣೆಯಲ್ಲಿ ಮೂರು ತೂತು. ಹಣೆಯಲ್ಲಿ ಬರೆದದ್ದು ತಪ್ಪುವುದಿಲ್ಲ ಅನ್ನುತ್ತಾರೆ. ನನ್ನ ಹಣೆಗೆ ಹೊಡೆದವನು ನಾನೇ.

ಪ್ರೊಫೆಸರು ಸ್ಟೂಲಿನ ಮೇಲೆ ಕೂತರು. ಅದನ್ನು ಮತ್ತೆ ಮಡಚಲು ಬರುವುದಿಲ್ಲವೇ ಎಂದು ಮೆಲ್ಲಗೆ ಕೇಳಿದರು. ಪುಸ್ತಕದ ಎರಡನೇ ಮುದ್ರಣ ಅಚ್ಚಿಗೆ ಹೋಗಿದೆಯಂತೆ. ಬರುವುದಿಲ್ಲ ಎಂದೆ.

ಫೋನು ತೆಗೆದುಕೊಂಡೆ. ಅವಳ ನಂಬರು ಬಾಯಿಪಾಠವಿತ್ತು.

"ಎಡಗಡೆ ಮಡಚಿದ್ದು ನಾನು. ನೀನು ಕುಂಚ ಒರೆಸಿದ್ದೀಯ ಅಂದ್ಕೊಂಡೆ. ನೋಡಿರ್ಲಿಲ್ಲ ಕಣೇ."

"ನಮ್ ಜೊತೆ ಇರೋಕೆ ನಿಂಗೆ ಇಷ್ಟ ಇಲ್ಲ, ಅದಕ್ಕೇ ನಿನ್ನನ್ನ ನೀನೇ ತೆಗ್ದೆ ಅಂದ್ಕೊಂಡಿದ್ದೆ, ಅಣ್ಣ," ಎಂದಳು. "ಕೇಳೋಕೆ ಭಯ ಆಯ್ತು."

ನನಗೂ ಅದೇ ಭಯವಿತ್ತು ಎನ್ನಲು ಹೋದೆ. ಹಣೆಯಲ್ಲಿ ಮೂರು ತೂತಾಗಿದೆ ಎಂದಷ್ಟೇ ಹೇಳಿದೆ.

"ನೀನು ಏನೂ ಮುಟ್ಟಬೇಡ," ಎಂದಳು. "ಬರ್ತಿದ್ದೀನಿ."